ನಾಲ್ಕು ಕೈಯ ಗುಳಿಗೆ

8 ಆಗಸ್ಟ್ 1989, ಮಂಗಳವಾರ, ಮಸ್ಕಿ

ಅತ್ತೆಗೂ ನನಗೂ ಮಾತು ನಿಂತಿದೆ. ನಿಂತರೆ ನಿಲ್ಲಲಿ. ಮದುವೆಯಾದ ಮೇಲೆ ಇದು ಮೊದಲ ಪಂಚಮಿ. ಕರೆದೊಯ್ಯಲು ಸಿಂಧನೂರಿನಿಂದ ಅಣ್ಣ ಬಂದಿದ್ದ. ನಾನು ಸೀರೆ ಮಡಚಿಟ್ಟುಕೊಂಡು ಕುಳಿತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು, "ಈ ವರ್ಷ ಬ್ಯಾಡಪಾ, ಶ್ರಾವಣದಾಗ ಮನ್ಯಾಗ ಕೆಲಸ ಭಾಳ ಐತಿ. ಮುಂದಿನ ವರ್ಷ ಕರಕೊಂಡು ಹೋಗು" ಎಂದುಬಿಟ್ಟರು. ಅಣ್ಣ ಚಹಾ ಕುಡಿದು ಬಂದ ದಾರಿ ಹಿಡಿದ. ನಾನು ಅವನೆದುರಿಗೇ, "ಇದು ಮನಿ ಅಲ್ಲ, ಜೇಲು" ಎಂದೆ. ಅಂದದ್ದರಲ್ಲಿ ಸುಳ್ಳೇನಿದೆ?

ಆದರೆ ಮಾತಿಲ್ಲದೆ ಮನೆ ನಡೆಯಬೇಕಲ್ಲ, ಅದಕ್ಕೆ ಬೂದಿ ಇದ್ದಾಳೆ. ಬೂದಿ ಅಂದರೆ ಬೆಕ್ಕು. ಮಾವನ ಕಿರಾಣಿ ಅಂಗಡಿಯಲ್ಲಿ ಇಲಿ ಹಿಡಿಯಲಿ ಎಂದು ತಂದದ್ದು, ಅತ್ತೆಯ ಮುದ್ದಿನಿಂದ ಮನೆಯೊಳಗೇ ಠಿಕಾಣಿ ಹೂಡಿದೆ. ಬೆಳಗ್ಗೆ ಅತ್ತೆ ಅದರ ಮುಖ ನೋಡಿ ಹೇಳುತ್ತಾರೆ: "ಬೂದೀ, ನೀರು ಕಾದಾವು. ಜಳಕ ಮಾಡೋರು ಮಾಡ್ಲಿ ಅಂತ ಹೇಳು." ನಾನೂ ಅದಕ್ಕೇ ಹೇಳುತ್ತೇನೆ: "ಬೂದೀ, ನನಗೂ ಕಣ್ಣದಾವು ಅಂತ ಹೇಳು." ನಿನ್ನೆ ರೊಟ್ಟಿ ಬಡಿಯುವಾಗ ಅಂಚು ಹರಿದವು. ಅತ್ತೆ, "ನೋಡಬೇ ಬೂದೀ, ಕಾಲುವಿ ನೀರಿನ ಅನ್ನ ಉಂಡೋರ ರೊಟ್ಟಿ ಹೆಂಗದಾವು" ಎಂದರು. ನನ್ನ ತವರು ಸಿಂಧನೂರು ಕಾಲುವೆ ನೀರಿನ ಭತ್ತದ ಸೀಮೆ, ಅದಕ್ಕೇ ಈ ಚುಚ್ಚು. ಬೂದಿ ಅತ್ತ ಒಮ್ಮೆ ಇತ್ತ ಒಮ್ಮೆ ನೋಡಿ ಆಕಳಿಸಿತು. ಮಾವ ತಲೆ ಎತ್ತದೆ ಉಂಡು ಎದ್ದರು. ಅಂಗಡಿಗೆ ಹೋಗಿ ನಗುತ್ತಾರೆ ಎಂದು ನನ್ನ ಗುಮಾನಿ.

ನನ್ನ ಗಂಡ ಅಮರಗುಂಡಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ರಜೆಯ ದಿನ ಮಾತ್ರ ಮನೆಗೆ ಬರುತ್ತಾರೆ. ಕಂಪನಿ ಕ್ವಾರ್ಟರ್ಸ್‌ಗೆ ಹೆಸರು ಹಚ್ಚಿದ್ದಾರೆ. ಅದು ಸಿಕ್ಕ ದಿನ ಟ್ರಂಕು ಎತ್ತಿಕೊಂಡು ಹೋಗುವವಳೇ, ಈ ಮನೆಯ ಕಡೆ ತಿರುಗಿ ನೋಡುವುದಿಲ್ಲ.

10 ಆಗಸ್ಟ್, ಗುರುವಾರ

ಬೂದಿ ನಿನ್ನೆಯಿಂದ ಜೋಳದ ಚೀಲಗಳ ಸಂದಿಯಲ್ಲಿ ಮುದುಡಿ ಕುಳಿತಿದೆ. ಕುತ್ತಿಗೆಯ ಪಕ್ಕ ನಿಂಬೆಹಣ್ಣಿನಷ್ಟು ಬಾವು. ಯಾವುದೋ ಗಂಡು ಬೆಕ್ಕು ಕಚ್ಚಿರಬೇಕು. ಮುಟ್ಟಿದರೆ ಬೆಂಕಿಯಂತೆ ಬಿಸಿ. ಅತ್ತೆ ಅರಿಶಿನ ಸುಣ್ಣ ಕಲಸಿ ಹಚ್ಚಲು ಹೋದರು, ಗುರ್ರ್ ಎಂದಿತು. ಅತ್ತೆಗೆ ಗುರ್ರ್ ಎಂದದ್ದು ಇದೇ ಮೊದಲಂತೆ. ಅವರ ಮುಖ ಸಣ್ಣದಾಯಿತು.

ಇವತ್ತು ಮನೆಯಲ್ಲಿ ಯಾರೂ ಯಾರಿಗೂ ಏನೂ ಹೇಳಲಿಲ್ಲ. ಸಾರಿಗೆ ಇಬ್ಬರೂ ಉಪ್ಪು ಹಾಕಿದ್ದೆವು. ಮಾವ ಮೊಸರು ಸುರಿದುಕೊಂಡು ಉಂಡರು.

12 ಆಗಸ್ಟ್, ಶನಿವಾರ

ಬಾವು ಒಡೆದು ಕೀವು ಸೋರುತ್ತಿತ್ತು, ವಾಸನೆ. ಇಲ್ಲಿಯ ದನದ ಡಾಕ್ಟರು ಊರಲ್ಲಿರಲಿಲ್ಲ. ಲಿಂಗಸುಗೂರಿಗೆ ಒಯ್ಯಬೇಕು ಎಂದರು ಮಾವ. ಅತ್ತೆಗೆ ಬಸ್ಸು ಆಗುವುದಿಲ್ಲ, ಹತ್ತಿದ ಕೂಡಲೇ ವಾಂತಿ. ಹಾಗಾಗಿ ನಾನೇ ಹೊರಟೆ. ಹಿಂದಿನ ಮನೆಯ ಜಮೀಲಾಬೀ ಜೊತೆಗೆ ಬಂದಳು. ಬುಟ್ಟಿಯೊಳಗೆ ಬೆಕ್ಕು, ಮೇಲೆ ಇನ್ನೊಂದು ಬುಟ್ಟಿ, ಅದಕ್ಕೆ ಹಗ್ಗ. ಕಂಡಕ್ಟರ್, "ಕೋಳಿ ಏನಬೇ?" ಎಂದ. ಜಮೀಲಾಬೀ, "ಹೂನಪಾ, ಮೀಸಿ ಇರೋ ಕೋಳಿ" ಎಂದಳು.

ದವಾಖಾನೆ ತುಂಬ ಎತ್ತು, ಎಮ್ಮೆ. ಬೆಕ್ಕು ತಂದವಳು ನಾನೊಬ್ಬಳೇ. ಒಂದಿಬ್ಬರು ನಕ್ಕರು. ಡಾಕ್ಟರು ನಗಲಿಲ್ಲ. ಕೂದಲು ಕತ್ತರಿಸಿ, ಕೀವು ಒತ್ತಿ ತೆಗೆದು ತೊಳೆದರು. ಹೊಟ್ಟೆ ಮುಟ್ಟಿ ನೋಡಿ, "ಗಬ್ಬ ಇಲ್ಲಲ್ಲ? ಇದ್ರ ಈ ಗುಳಿಗಿ ನಡಿಯೂದಿಲ್ಲ" ಎಂದರು. ಇಲ್ಲ ಎಂದ ಮೇಲೆ ಹಳದಿ ಗುಳಿಗೆ ಬರೆದರು. ಮನುಷ್ಯರದೇ ಗುಳಿಗೆ, ಅದನ್ನು ಕಾಲು ಮಾಡಿ ಮುಂಜಾನೆ ಒಂದು ಚೂರು, ಸಂಜೆ ಒಂದು ಚೂರು.

"ಹಾಲಿನಾಗ ಮಾತ್ರ ಹಾಕಬ್ಯಾಡ್ರಿ. ಹಾಲು ಕೂಡಿದ್ರ ಈ ಔಷಧ ಮೈಗೆ ಹತ್ತೂದಿಲ್ಲ. ಒಂದಿಷ್ಟು ತಿನ್ನಿಸಿ ಹಾಕ್ರಿ, ಹಿಂದ ನೀರು ಕುಡಿಸ್ರಿ, ಇಲ್ಲಂದ್ರ ಗಂಟಲದಾಗ ಕೂತು ಹುಣ್ಣಾಕೈತಿ. ಗಾಯ ಮಾಯ್ದಂಗ ಕಂಡ್ರೂ ನಡುವ ಬಿಡಬ್ಯಾಡ್ರಿ" ಎಂದರು.

ಎಲ್ಲವನ್ನೂ ಅಂಗಡಿಯಲ್ಲಿ ಮಾವನಿಗೆ ಹೇಳಿದೆ. ಅವರು ಗಿರಾಕಿಗೆ ಬೆಲ್ಲ ತೂಗುತ್ತಿದ್ದರು. ಸಂಜೆ ಅಡಕೊತ್ತಿನಿಂದ ಗುಳಿಗೆಗಳನ್ನೆಲ್ಲ ಕಾಲು ಕಾಲಾಗಿ ಕತ್ತರಿಸಿ, ನಶ್ಯದ ಖಾಲಿ ಡಬ್ಬಿಯಲ್ಲಿ ಹಾಕಿ ಗೂಡಿನಲ್ಲಿಟ್ಟು, ಅತ್ತೆಗೆ, "ಮುಂಜಾನೆ ಒಂದು ಚೂರು, ಸಂಜಿಗೊಂದು" ಎಂದರು. ಹಾಲಿನ ಮಾತು ಹೇಳಿದರೋ ಇಲ್ಲವೋ ನಾನು ಕೇಳಲಿಲ್ಲ. ಹಾಕುವವಳು ನಾನು ತಾನೇ, ಅವರಿಗೇಕೆ ಹೇಳಬೇಕು?

13 ಆಗಸ್ಟ್, ಭಾನುವಾರ

ಗುಳಿಗೆ ಹಾಕುವುದು ಎಂದರೆ ಏನು ಎಂದು ಇವತ್ತು ತಿಳಿಯಿತು. ಬಾಯಿ ತೆರೆಯುವುದೇ ಇಲ್ಲ. ತೆರೆದರೆ ಕಚ್ಚುತ್ತದೆ. ಒಳಗೆ ಹಾಕಿದ್ದು ಒಂದು ಗಳಿಗೆ ಸುಮ್ಮನಿದ್ದು ಥೂ ಎಂದು ಉಗುಳಿತು. ಮುಂಗೈ ತುಂಬ ಗೀರು. ರೊಟ್ಟಿಯಲ್ಲಿಟ್ಟೆ, ರೊಟ್ಟಿ ತಿಂದು ಗುಳಿಗೆ ಬಿಟ್ಟಿತು.

ಹಿತ್ತಲ ಗೋಡೆಯ ಆಚೆಯಿಂದ ಜಮೀಲಾಬೀ ಎಲ್ಲ ನೋಡುತ್ತಿದ್ದಳು. "ಬೆಕ್ಕಿಗೆ ರೊಟ್ಟಿ ಕೊಟ್ರ ಹೆಂಗ ತಿಂತೈತಿ ತಂಗೀ? ಇಲ್ಲಿ ತಾ" ಎಂದಳು. ಬೇಯಿಸಿದ ಮಾಂಸದ ಸಣ್ಣ ತುಣುಕಿನಲ್ಲಿ ಚೂರು ತುರುಕಿ ಹಿಡಿದಳು. ಗುಳುಂ. ಹಿಂದೆಯೇ ನೀರು ನೆಕ್ಕಿತು.

ನಮ್ಮದು ಲಿಂಗಪೂಜೆಯ ಮನೆ, ಮೇಲೆ ಶ್ರಾವಣ. ಮಾಂಸ ಎಂಬ ಮಾತೂ ಹೊಸ್ತಿಲು ದಾಟುವಂತಿಲ್ಲ. ಅದಕ್ಕೇ ದಿನಾ ಎರಡು ಹೊತ್ತು ಬೆಕ್ಕನ್ನೇ ಗೋಡೆ ದಾಟಿಸುವುದೆಂದು ಗೊತ್ತು ಮಾಡಿಕೊಂಡೆವು. ಜಮೀಲಾಬೀ, "ನಿಮ್ಮತ್ತಿಗೆ ಗೊತ್ತಾದ್ರ ಈ ಗ್ವಾಡಿ ಮುಗಿಲಿಗೆ ಮುಟ್ಟಂಗ ಕಟ್ಟಿಸ್ತಾಳ ನೋಡು" ಎಂದು ನಕ್ಕಳು. ಗೊತ್ತಾಗಲು ಯಾರು ಹೇಳಬೇಕು? ಹೇಳುವ ಬೆಕ್ಕೇ ತಿನ್ನುತ್ತಿದೆ.

15 ಆಗಸ್ಟ್, ಮಂಗಳವಾರ

ಶಾಲೆಯ ಮಕ್ಕಳು ಧ್ವಜ ಹಿಡಿದು ಕೂಗುತ್ತ ಹೋದರು. ನೋಡಲು ಹೊರಗೆ ಹೋಗಲಿಲ್ಲ. ಬೂದಿ ವಾಂತಿ ಮಾಡಿಕೊಂಡಿತು, ಹಳದಿ ನೊರೆ. ಜೊಲ್ಲು ನಿಲ್ಲುತ್ತಿಲ್ಲ. ಮಾಂಸದ ತುಣುಕನ್ನೂ ಮೂಸಿ ಬಿಟ್ಟಿತು. ಹೇಗೋ ನುಂಗಿಸಿದೆವು. ಔಷಧ ಹಾಕಿದರೆ ಹೆಚ್ಚಾಗುವುದೆಂದರೇನು?

ಅತ್ತೆ ಈಗ ಕಂಬದ ಜೊತೆ ಮಾತಾಡುತ್ತಾರೆ. "ಕಂಬವ್ವಾ, ಬೆಕ್ಕಿಗೆ ಏನು ತಿನ್ನಿಸ್ಯಾರ ಕೇಳು. ಬಸ್ಸಿನಾಗ ಬಡಿದಾಡಿಸಿಕೊಂಡು ಒಯ್ದು ಜೀವ ತಗದ್ರು."  ಅಳು ಬಂತು, ನುಂಗಿಕೊಂಡೆ.

17 ಆಗಸ್ಟ್, ಗುರುವಾರ

ಇವತ್ತಿನದು ಉದ್ದ ಬರೆಯಬೇಕು.

ಬೆಳಗ್ಗೆ ಗೂಡಿಗೆ ಕೈ ಹಾಕಿದರೆ ಡಬ್ಬಿ ಖಾಲಿಯಾಗುತ್ತ ಬಂದಿದೆ. ತಳದಲ್ಲಿ ಎರಡು ಮೂರು ಚೂರು. ಇನ್ನೂ ಅರ್ಧ ಇರಬೇಕಿತ್ತು. ಇಲಿ ಒಯ್ದವೇ? ಡಬ್ಬಿ ಹಿಡಿದು ನಿಂತಿದ್ದಾಗ ಅತ್ತೆ ಹಾಲಿನ ಬಟ್ಟಲು ಹಿಡಿದು ಬಂದರು. ಬಟ್ಟಲಲ್ಲಿ ಹಾಲು ಹಳದಿಯಾಗಿತ್ತು.

ನನಗೆ ಬಾಯಿ ತಡೆಯಲಿಲ್ಲ. "ಅತ್ತ್ಯಾರ, ಅದರಾಗ ಏನು ಹಾಕೀರಿ?"

ನೇರವಾಗಿ ಕೇಳಿಬಿಟ್ಟಿದ್ದೆ. ಅವರೂ ನೇರವಾಗಿಯೇ ಹೇಳಿದರು. "ಗುಳಿಗಿ ಪುಡಿ ಮಾಡಿ ಹಾಕೀನಿ. ಗುಳಿಗಿ ಅಂದ್ರ ಉಷ್ಣ. ಹಾಲಿಲ್ಲದ ಕೊಟ್ರ ಕರುಳು ಸುಡೂದಿಲ್ಲೇನು? ದಿನಾ ಮುಂಜಾನೆ ನೀ ನೀರಿಗೆ ಹೋದಾಗ ಹಾಕ್ತೀನಿ, ಸಂಜಿಗೆ ದೀಪ ಹಚ್ಚಿ ಹಾಕ್ತೀನಿ."

"ನಾನೂ ಹಾಕಾಕತ್ತೀನಲ್ರೀ! ಮುಂಜಾನೆ ಸಂಜಿ!"

"ನೀನಾ? ಎಲ್ಲಿ? ನಾ ನೋಡೇ ಇಲ್ಲ!"

ಗೋಡೆಯ ಕಡೆ ನೋಡಿದೆ. ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಮಾಂಸ ಎಂದ ಕೂಡಲೇ ಅತ್ತೆ ಕೊರಳಿನ ಲಿಂಗವನ್ನು ಹಿಡಿದುಕೊಂಡರು. ಈಗ ಆಕಾಶ ಹರಿದು ಬೀಳುತ್ತದೆ ಎಂದುಕೊಂಡೆ. ಅವರು ಹೇಳಿದ್ದು ಬೇರೆ. "ಅಯ್ಯ ನಮ್ಮವ್ವ, ಹಂಗಾದ್ರ ಎರಡೆರಡು ಪಟ್ಟು ಹೋಗೈತಿ ಅದರ ಹೊಟ್ಟಿಗೆ! ನಾವಾ ಕೊಲ್ಲಾಕತ್ತೀವೇನಬೇ ಅದನ್ನ?"

ಆ "ನಾವಾ" ಎಂಬ ಮಾತು ಕೇಳಿ ಡಬ್ಬಿ ಕೆಳಗಿಟ್ಟು ಬೂದಿಯ ಹತ್ತಿರ ಹೋಗಿ ಕುಳಿತೆ. ಅದು ಚಾಪೆಯ ಮೇಲೆ ಹಿಂಡಿ ಹಾಕಿದ ಬಟ್ಟೆಯ ಹಾಗೆ ಬಿದ್ದಿತ್ತು. ಮಾವ ಅಂಗಡಿಯ ಡಬ್ಬದಿಂದ ಮನುಷ್ಯರ ಜ್ವರದ ಗುಳಿಗೆ ತಂದು, "ಮೈ ಬಿಸಿ ಐತಿ, ಅರ್ಧ ಹಾಕೂನು" ಎಂದರು. ಅತ್ತೆ, "ಇನ್ನೊಂದು ಗುಳಿಗಿ ಮುಟ್ಟಿದ್ರ ನೋಡ್ರಿ ಮತ್ತ!" ಎಂದು ಗದರಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದರು. "ನಡಿ. ನಾನೂ ಬರ್ತೀನಿ."

ಬಸ್ಸಿನಲ್ಲಿ ಬೂದಿಗಿಂತ ಹೆಚ್ಚು ವಾಂತಿ ಮಾಡಿಕೊಂಡವರು ಅತ್ತೆ. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ಅವರ ಹಣೆ ಹಿಡಿದು ಕುಳಿತೆ. ಅವರ ಹಣೆ ಇಷ್ಟು ಸಣ್ಣದು ಎಂದು ನನಗೆ ಗೊತ್ತಿರಲಿಲ್ಲ. ಲಿಂಗಸುಗೂರು ಬರುವ ಹೊತ್ತಿಗೆ ನನ್ನ ಸೀರೆ ತೊಳೆಯುವ ಹಾಗಾಗಿತ್ತು.

ಡಾಕ್ಟರು ಪೂರ್ತಿ ಕೇಳಿ ಕನ್ನಡಕ ತೆಗೆದರು. "ಒಂದಾ ಮನ್ಯಾಗ ಇರ್ತೀರಿ. ಒಬ್ಬರಿಗೊಬ್ಬರು ಹೇಳೂದಿಲ್ಲೇನ್ರೀ?" ಇಬ್ಬರೂ ಬೆಕ್ಕಿನ ಮುಖ ನೋಡಿದೆವು. ಹಾಲಿನಲ್ಲಿ ಹೋದದ್ದು ಅಷ್ಟಾಗಿ ಮೈಗೆ ಹತ್ತಿಲ್ಲ, ಆದರೆ ಎರಡೂ ಸೇರಿ ಹೊಟ್ಟೆ ಕೆಡಿಸಿದೆ ಎಂದರು. ಚರ್ಮದ ಕೆಳಗೆ ನೀರು ಏರಿಸಿದರು. ನಾಳೆಯ ತನಕ ಗುಳಿಗೆ ಬೇಡ, ಆಮೇಲೆ ಹೊಸದಾಗಿ ಬರೆದುಕೊಟ್ಟ ಗುಳಿಗೆ ಮೊದಲಿನಿಂದ ಶುರು, ಪೂರ್ತಿ ಮುಗಿಸಬೇಕು. ಹಾಲು ಕೊಡುವುದಾದರೆ ಗುಳಿಗೆಯ ಹೊತ್ತು ಬಿಟ್ಟು ದೂರದಲ್ಲಿ ಕೊಡಬೇಕು. ಮಾವನ ಜ್ವರದ ಗುಳಿಗೆಯ ಸುದ್ದಿ ಹೇಳಿದ ಕೂಡಲೇ, "ಅದನ್ನ ಹಾಕಿದ್ರ ಇಲ್ಲಿಗೆ ತರೋ ಕೆಲಸಾನ ಇರ್ತಿರಲಿಲ್ಲ. ಅದು ಬೆಕ್ಕಿಗೆ ವಿಷ ಇದ್ದಂಗ" ಎಂದರು. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಬಳೆ ಒತ್ತಿ ನೋವಾಯಿತು.

"ಮಾಂಸ ಇಲ್ಲದ ಹಾಕಾಕ ಬರ್ತೈತೇನ್ರೀ?" ಎಂದು ಅತ್ತೆ ಸಣ್ಣ ದನಿಯಲ್ಲಿ ಕೇಳಿದರು. ಡಾಕ್ಟರು ನಕ್ಕು ತೋರಿಸಿಕೊಟ್ಟರು. "ಬರ್ತೈತಿ. ಆದ್ರ ನಾಕು ಕೈ ಬೇಕು."

19 ಆಗಸ್ಟ್, ಶನಿವಾರ

ನಾಲ್ಕು ಕೈ ಹೀಗೆ. ಹಳೇ ಟವೆಲಿನಲ್ಲಿ ಬೂದಿಯನ್ನು ಕೂಸಿನ ಹಾಗೆ ಸುತ್ತಿ, ತಲೆ ಮಾತ್ರ ಹೊರಗೆ ಬಿಟ್ಟು ಅತ್ತೆ ತೊಡೆಯ ಮೇಲೆ ಹಿಡಿದುಕೊಳ್ಳುತ್ತಾರೆ. ನಾನು ಎದುರಿಗೆ ಕೂಡುತ್ತೇನೆ. ಒಂದು ಕೈಯಿಂದ ದವಡೆಯ ಮೂಲೆ ಒತ್ತಿ ಬಾಯಿ ತೆರೆಸುವುದು, ಇನ್ನೊಂದರಿಂದ ಚೂರನ್ನು ನಾಲಿಗೆಯ ಹಿಂದಕ್ಕೆ ಹಾಕುವುದು. ಬಾಯಿ ಮುಚ್ಚಿ ಗಂಟಲು ಸವರುವುದು. ಆಮೇಲೆ ಪೆನ್ನಿಗೆ ಶಾಯಿ ಹಾಕುವಂಥ ಹೊಸ ಫಿಲ್ಲರಿನಿಂದ ತುಟಿಯ ಪಕ್ಕ ಹನಿ ಹನಿ ನೀರು.

ಮೊದಲ ಸಲ ಚೂರು ಅತ್ತೆಯ ಕುಪ್ಪಸದೊಳಗೆ ಬಿತ್ತು. ಎರಡನೇ ಸಲ ನನ್ನ ಬೆರಳಿಗೆ ಹಲ್ಲು. ಮೂರನೇ ಸಲ ನುಂಗಿತು. ಇಬ್ಬರೂ ಉಸಿರು ಬಿಟ್ಟೆವು. ಅತ್ತೆ, "ಕೂಸು ಹಡೆಯೋದಕ್ಕಿಂತ ಇದು ಕಠಿಣ ಐತೆಬೇ" ಎಂದರು. ನಾನು, "ನನಗೇನು ಗೊತ್ರೀ" ಎಂದೆ. "ಗೊತ್ತಾಕೈತಿ, ಗೊತ್ತಾಕೈತಿ" ಎಂದು ನಕ್ಕರು. ನಕ್ಕರೆ ಅವರ ಮುಂದಿನ ಹಲ್ಲಿನ ಸಂದಿ ಕಾಣುತ್ತದೆ.

ಸಂಜೆ ಬೂದಿ ತೊಗರಿಬೇಳೆಯ ಕಟ್ಟು ಕಲಸಿದ ಅನ್ನ ಒಂದಿಷ್ಟು ತಿಂದಿತು. ಅನ್ನ ನಾನು ಮಾಡಿದ್ದು. ಅನ್ನ ಮಾಡುವುದರಲ್ಲಿ ನನ್ನ ಕೈ ಯಾರೂ ಹಿಡಿಯುವಂತಿಲ್ಲ.

20 ಆಗಸ್ಟ್, ಭಾನುವಾರ

ತಿಂದಿತು. ವಾಂತಿ ಇಲ್ಲ.

23 ಆಗಸ್ಟ್, ಬುಧವಾರ

ಗಾಯ ಒಣಗಿ ಗುಲಾಬಿ ಚರ್ಮ ಕಾಣುತ್ತಿದೆ. ಬೂದಿ ಮಾಳಿಗೆ ಹತ್ತಿ ಇಳಿಯಿತು. ಅತ್ತೆ, "ಇನ್ನ ಸಾಕಲ್ಲಬೇ, ಯಾಕ ಸುಮ್ಮನ ಅದಕ್ಕ ತ್ರಾಸ?" ಎಂದರು. ನಾನು ಬಿಡಲಿಲ್ಲ. "ನಡುವ ಬಿಟ್ರ ಒಳಗಿನ ಕೀವು ಮತ್ತ ತಲಿ ಎತ್ತತೈತಿ. ಆಮ್ಯಾಲ ಈ ಗುಳಿಗೀಗೂ ಬಗ್ಗೂದಿಲ್ಲ ಅಂದಾರ ಡಾಕ್ಟರು." ಅತ್ತೆ ಟವೆಲು ತಂದರು.

ಗುಳಿಗೆ ಹಾಕಿದ ಮೇಲೂ ನಾವು ಕೂಡಲೇ ಏಳುವುದಿಲ್ಲ. ಉಗುಳುತ್ತದೋ ಎಂದು ನೋಡಬೇಕಲ್ಲ. ಇವತ್ತು ಹಾಗೇ ಕುಳಿತಾಗ ಕೇಳಿಬಿಟ್ಟೆ, ಪಂಚಮಿಗೆ ಯಾಕೆ ಕಳಿಸಲಿಲ್ಲ ಎಂದು. ಅತ್ತೆ ಬೂದಿಯ ಕಿವಿ ತಿಕ್ಕುತ್ತ ಹೇಳಿದರು.

"ಮಗ ಹಟ್ಟ್ಯಾಗ. ನಿಮ್ಮ ಮಾವ ಅಂಗಡ್ಯಾಗ. ನೀ ಬರೋಕಿಂತ ಮೊದಲ ನಾ ದಿನಾ ಬೆಕ್ಕಿನ ಕೂಡಾನ ಮಾತಾಡ್ತಿದ್ದೆ. ನೀ ಬಂದಿ, ನಾಕು ತಿಂಗಳು ಮನಿ ಗಲಗಲ ಅಂತು. ಹಬ್ಬದ ದಿನ ಮತ್ತ ಒಬ್ಬಾಕೀನ ಹೆಂಗ ಕೂಡ್ಲಿ ಅನಿಸ್ತು. ತಪ್ಪಾತು."

ನನಗೆ ಸಿಟ್ಟೇ ಬಂತು. ಹಾಗೆಂದು ಆವತ್ತೇ ಹೇಳಿದ್ದರೆ ಆಗುತ್ತಿರಲಿಲ್ಲವೇ? ಶ್ರಾವಣದ ಕೆಲಸ ಎಂದು ಯಾಕೆ ಹೇಳಬೇಕಿತ್ತು? ಸಿಟ್ಟಿನಲ್ಲೇ ಅವರ ತಲೆಗೆ ಎಣ್ಣೆ ಹಚ್ಚಿದೆ. ಕೂದಲು ಬಹಳ ಸಿಕ್ಕಾಗಿತ್ತು.

26 ಆಗಸ್ಟ್, ಶನಿವಾರ

ಇವರು ಕುಣಿಯುತ್ತ ಬಂದರು. ಕ್ವಾರ್ಟರ್ಸ್ ಸಿಕ್ಕಿದೆ! ಎರಡು ಕೋಣೆ, ಮುಂದೆ ನಲ್ಲಿ. ಬೀಗದ ಕೈ ತೋರಿಸಿದರು. "ನಾಳೆ ಹೋಗೂನು" ಎಂದರು. ಈ ದಿನಕ್ಕಾಗಿ ಎಷ್ಟು ಹರಕೆ ಹೊತ್ತಿದ್ದೆ! ಖುಷಿಯಾಯಿತು. ಆಗಿರಬೇಕು.

ಆದರೆ ನಾಳೆ ಆಗದು. ಗುಳಿಗೆ ಸೋಮವಾರ ಸಂಜೆಗೆ ಮುಗಿಯುತ್ತವೆ. ಅತ್ತೆ ಒಬ್ಬರೇ ಹಾಕಲಾರರು, ಮಾವ ಬೆಕ್ಕಿಗೆ ಹೆದರುತ್ತಾರೆ. "ಬೆಕ್ಕಿಗೋಸ್ಕರ ನಿಲ್ತೀಯಾ?" ಎಂದು ಇವರು ಕಣ್ಣರಳಿಸಿದರು. ಹೌದು, ಬೆಕ್ಕಿಗೋಸ್ಕರ. ಮತ್ಯಾರಿಗೋಸ್ಕರ?

ಅತ್ತೆ ಒಳಗೆ ಹೋಗಿ ಶೇಂಗಾ ಹುರಿಯತೊಡಗಿದರು. ಸಂಜೆ ಶೇಂಗಾ ಹೋಳಿಗೆ ಮಾಡಿದರು, ನನಗೆ ಇಷ್ಟವೆಂದು ಯಾರು ಹೇಳಿದರೋ. ಹಟ್ಟಿಗೆ ಒಯ್ಯಲು ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಟ್ಟರು. ಕಟ್ಟುವಾಗ ಗಂಟು ಎರಡು ಸಲ ಬಿಚ್ಚಿತು. ನಾನು ಹೋಗಿ ಕಟ್ಟಿಕೊಟ್ಟೆ.

28 ಆಗಸ್ಟ್, ಸೋಮವಾರ

ಟ್ರಂಕು ಕಟ್ಟೆಯ ಮೇಲೆ ಇಟ್ಟಾಗಿತ್ತು. ಇವರು ಬಸ್ಸು ನೋಡುತ್ತ ರಸ್ತೆಯಲ್ಲಿ ನಿಂತಿದ್ದರು. ನಾವು ಪಡಸಾಲೆಯಲ್ಲಿ ಕುಳಿತು ಕೊನೆಯ ಚೂರು ಹಾಕಿದೆವು. ಬೂದಿ ಈಗ ಒದ್ದಾಡುವುದೂ ಇಲ್ಲ. ನುಂಗಿತು, ನೀರು ಕುಡಿಯಿತು. ಟವೆಲಿನಿಂದ ಜಿಗಿದು ಹೋಗಿ ಸಂಜೆ ಬಿಸಿಲಲ್ಲಿ ಮೈ ನೆಕ್ಕಿಕೊಳ್ಳತೊಡಗಿತು. ಕುತ್ತಿಗೆಯಲ್ಲಿ ಹೊಸ ಕೂದಲು ಬರುತ್ತಿದೆ.

ಅತ್ತೆ ಖಾಲಿ ಡಬ್ಬಿ ತೆಗೆದು ಅಲ್ಲಾಡಿಸಿದರು. ಮುಚ್ಚಿದರು. ಮತ್ತೆ ತೆಗೆದು ನೋಡಿದರು.

"ಡಾಕ್ಟರು ಇನ್ನೊಂದಿಷ್ಟು ಗುಳಿಗಿ ಬರಕೊಡ್ತಾರೇನಬೇ?"

"ಯಾಕ್ರೀ? ಗಾಯ ಮಾಯ್ದೈತಲ್ಲ. ಬ್ಯಾಡಾದಾಗ ಹಾಕಬಾರದ್ರೀ, ಅದೂ ಕೆಟ್ಟ."

"ಅದು ನನಗೂ ಗೊತ್ತೈತಿ." ಅವರು ಡಬ್ಬಿಯ ಕಡೆ ನೋಡುತ್ತಲೇ ಹೇಳಿದರು. "ಗುಳಿಗಿ ಇದ್ರ ನಿನಗ ಹೋಗಾಕ ಬರೂದಿಲ್ಲಲ್ಲ ಅಂತ."

ಹೇಳಿ ಎದ್ದು ಟವೆಲು ಕೊಡವಲು ಹಿತ್ತಲಿಗೆ ಹೋದರು. ಕೊಡವುವುದು ಮುಗಿಯಲೇ ಇಲ್ಲ. ನನಗೆ ಕಣ್ಣಲ್ಲಿ ನೀರು ಬಂತು, ಈ ಸಲ ನುಂಗಿಕೊಳ್ಳಲಿಲ್ಲ.

ಬಸ್ಸು ಬಂತು. ಇವರು ಓಡಿ ಬಂದು ಟ್ರಂಕು ಹೊತ್ತು ಬಸ್ಸಿನ ಮೇಲೆ ಹಾಕಿಸಿ, "ಬಾ ಬಾ, ಲಗೂನ" ಎಂದು ಕೂಗಿದರು. ನಾನು ಬಾಗಿಲ ತನಕ ಹೋಗಿ ನಿಂತೆ.

"ನೀವು ಹೋಗಿ ಮನಿ ತೊಳಿಸಿ ಇಡ್ರಿ. ನಾ ಬರೋ ವಾರ ಬರ್ತೀನಿ. ಅತ್ತ್ಯಾರನ್ನೂ ಕರಕೊಂಡು ಬರ್ತೀನಿ, ನಾಕು ದಿನ ಇದ್ದು ಬರ್ಲಿ."

"ಅವ್ವ ಬಸ್ಸಿನಾಗ ಬರ್ತಾಳೇನು?"

"ಹಣಿ ಹಿಡಿಯಾಕ ನಾ ಅದೀನಲ್ಲ."

"ಹುಚ್ಚಿ ಏನಲೇ ನೀನು? ಬೆಕ್ಕಿಗೆ ಆರಾಮ ಆತಲ್ಲ!"

"ಬೆಕ್ಕಿಗೆ ಆತ್ರೀ" ಎಂದೆ.

ಕಂಡಕ್ಟರ್ ಸೀಟಿ ಊದಿದ. ಇವರು ಏನೂ ತಿಳಿಯದವರಂತೆ ನನ್ನನ್ನೇ ನೋಡುತ್ತ ಬಸ್ಸು ಹತ್ತಿದರು. ಬಸ್ಸು ತಿರುವು ದಾಟಿದ ಮೇಲೆ ನೆನಪಾಯಿತು, ನನ್ನ ಸೀರೆಗಳೆಲ್ಲ ಟ್ರಂಕಿನೊಳಗೇ ಇದ್ದವು. ಅತ್ತೆಗೆ ಹೇಳಿದರೆ ನಕ್ಕು ನಕ್ಕು ಗೋಡೆ ಹಿಡಿದು ಕುಳಿತರು. ನಾಳೆಗೆ ಉಡಲು ತಮ್ಮ ಹಸಿರು ಇಳಕಲ್ ಸೀರೆ ತೆಗೆದಿಟ್ಟಿದ್ದಾರೆ.